ಅಮ್ಮನನ್ನು ಕೇಳಬೇಕಿತ್ತು

ಅಕ್ಕನ ಮದುವೆಯ ಎರಡು ವಿಡಿಯೋ ಕ್ಯಾಸೆಟ್‌ಗಳು ನಮ್ಮ ಮನೆಯಲ್ಲಿದ್ದವು. ಒಂದಕ್ಕೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಅದರ ಮೇಲೆ ಅಕ್ಕ-ಭಾವನ ಬಣ್ಣದ ಫೋಟೊ, ಹೊಳೆಯುವ ಅಕ್ಷರಗಳಲ್ಲಿ ಇಬ್ಬರ ಹೆಸರು, 1994ರ ಮೇ ತಿಂಗಳ ತಾರೀಖು. ಇನ್ನೊಂದಕ್ಕೆ ಬರೀ ರಟ್ಟಿನ ಕವರು. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬಾಲ್‌ಪೆನ್ನಿನಿಂದ ಬರೆದ ‘2’ ಬಿಟ್ಟರೆ ಒಳಗೆ ಏನಿದೆ ಎಂಬುದಕ್ಕೆ ಗುರುತಿಲ್ಲ. ಮೊದಲನೆಯದು ಪೇಟೆಯ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡಿಸಿ ತಂದದ್ದು. ಎರಡನೆಯದು ಮದುವೆಯ ದಿನ ಕ್ಯಾಮೆರಾದೊಳಗೇ ಓಡಿದ್ದು. ಅಂಥ ಕ್ಯಾಸೆಟ್‌ಗಳನ್ನು ವಿಡಿಯೋದವರು ಸಾಮಾನ್ಯವಾಗಿ ಮನೆಯವರಿಗೆ ಕೊಡುತ್ತಿರಲಿಲ್ಲ, ಮುಂದಿನ ಮದುವೆಗೆ ಅದರ ಮೇಲೇ ಶೂಟ್ ಮಾಡುತ್ತಿದ್ದರು. ಖಾಲಿ ಕ್ಯಾಸೆಟ್‌ಗಳನ್ನು ಅಪ್ಪಯ್ಯ ತಾವೇ ದುಡ್ಡು ಕೊಟ್ಟು ತಂದಿದ್ದರಿಂದ ನಮ್ಮವು ಮನೆಗೆ ಬಂದವು. ಹಾಗೆ ಬಂದವುಗಳಲ್ಲಿ ಒಂದನೇ ನಂಬರಿನದನ್ನು ಯಾರೋ ನೆಂಟರು ನೋಡಿಕೊಡುತ್ತೇವೆಂದು ಒಯ್ದರು, ಅದು ತಿರುಗಿ ಬರಲಿಲ್ಲ. ಎರಡನೆಯದು ಉಳಿಯಿತು.

ಫೋಟೊ ಇರುವುದೇ ಮದುವೆಯ ಕ್ಯಾಸೆಟ್, ಇನ್ನೊಂದು ಅದನ್ನು ತಯಾರು ಮಾಡಿ ಮಿಕ್ಕ ಕಚ್ಚಾ ಸಾಮಾನು ಎಂದು ನಾನು ತಿಳಿದಿದ್ದೆ. ಮುಂದೆ ಆದದ್ದಕ್ಕೆಲ್ಲ ಆ ತಿಳಿವಳಿಕೆಯೇ ಮೂಲ.

ಮಿಕ್ಸಿಂಗ್ ಕ್ಯಾಸೆಟ್ಟನ್ನು ಬಹಳ ಹಿಂದೆಯೇ ಡಿವಿಡಿ ಮಾಡಿಸಿದ್ದೆವು. ಆ ಡಿವಿಡಿ ಈಗ ಗೀರು ಬಿದ್ದು ಅರ್ಧಕ್ಕೇ ನಿಲ್ಲುತ್ತದೆ. ಅಕ್ಕನ ಮಗಳಿಗೆ ಮದುವೆ ಗೊತ್ತಾದಾಗ ಅವಳು ‘ಅಮ್ಮನ ಮದುವೆ ವಿಡಿಯೋ ನೋಡಬೇಕು ಮಾವ’ ಎಂದಳು. ಯಾವುದಾದರೂ ಅಂಗಡಿಗೆ ಕೊಟ್ಟು ಮಾಡಿಸಬಹುದಿತ್ತು. ಆದರೆ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ನನಗೆ ಇದೇನು ದೊಡ್ಡ ಕೆಲಸ ಅನ್ನಿಸಿತು. ಹಳೆಯ ವಿಸಿಆರ್ ಒಂದು ಬೇಕು, ಅದರಿಂದ ಕಂಪ್ಯೂಟರಿಗೆ ಜೋಡಿಸುವ ಕ್ಯಾಪ್ಚರ್ ಡಿವೈಸ್ ಒಂದು ಬೇಕು, ನಡುವೆ ಹಳದಿ-ಬಿಳಿ-ಕೆಂಪು ಪಿನ್ನಿನ ಕೇಬಲ್ ಬೇಕು. ಇಷ್ಟು ಸಿಕ್ಕಿದರೆ ಮುಗಿಯಿತು ಎಂದುಕೊಂಡೆ.

ಹೊಸ ವಿಸಿಆರ್ ಈಗ ಎಲ್ಲೂ ಸಿಗುವುದಿಲ್ಲ. ನಮ್ಮಲ್ಲಿದ್ದಂಥ ವಿಎಚ್‌ಎಸ್ ಕ್ಯಾಸೆಟ್ಟನ್ನು ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದಿತು. ಅದನ್ನು ಓಡಿಸುವ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿ ಫುನಾಯ್ ಕೂಡ 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಇರುವುದೆಲ್ಲ ಹಳೆಯವೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆ ಅಲೆದು ಒಂದನ್ನು ಹುಡುಕಿ ತಂದೆ. ಆನ್ ಮಾಡಿದರೆ ಹಸಿರು ಅಂಕಿ ಬೆಳಗಿದವು, ಅಷ್ಟಕ್ಕೇ ನನಗೆ ಸಮಾಧಾನ. ವರ್ಷಗಟ್ಟಲೆ ಸುಮ್ಮನೆ ಕೂತ ಯಂತ್ರದೊಳಗೆ ರಬ್ಬರಿನ ರೋಲರು, ಬೆಲ್ಟುಗಳು ಗಡುಸಾಗಿರುತ್ತವೆ, ಅಂಥದ್ದಕ್ಕೆ ಒಳ್ಳೆಯ ಟೇಪನ್ನು ಕೊಡಬಾರದು ಎಂಬುದು ಆಗ ಗೊತ್ತಿರಲಿಲ್ಲ.

ಒಂದು ಮಾತು ಮಾತ್ರ ಗೊತ್ತಿತ್ತು. ಹಳೆಯ ಯಂತ್ರವನ್ನು ಮೊದಲು ಬೇಡದ ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡಬೇಕು ಎಂದು ಗೆಳೆಯನೊಬ್ಬ ಹೇಳಿದ್ದ. ಸರಿಯಾದ ಮಾತು. ಬೇಡದ ಕ್ಯಾಸೆಟ್ ಎಂದು ನಾನು ಆರಿಸಿದ್ದು ಆ ಎರಡನೇ ನಂಬರನ್ನು.

ಊರಿಗೆ ಹೋಗಿ ಎರಡನ್ನೂ ತಂದಾಗ ಮಳೆಗಾಲ. ಸಾಗರದ ಕಡೆಯ ನಮ್ಮ ಮನೆಯಲ್ಲಿ ಆಷಾಢದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಬರುತ್ತದೆ. ಕ್ಯಾಸೆಟ್‌ಗಳು ಗೋಡೆಯ ಬೀರುವಿನ ತಳದಲ್ಲಿ, ಸೀರೆಗಳ ಹಿಂದೆ ಇದ್ದವು. ಕವರಿನಿಂದ ತೆಗೆದಾಗ ಸಣ್ಣ ಕಿಟಕಿಯ ಗಾಜಿನೊಳಗೆ ಸುತ್ತಿದ ಟೇಪಿನ ಮೇಲೆ ಬಿಳಿ ಚುಕ್ಕೆಗಳು ಕಂಡವು. ಧೂಳು ಎಂದುಕೊಂಡು ಹೊರಗಿನಿಂದ ಬಟ್ಟೆಯಲ್ಲಿ ಒರೆಸಿದೆ. ಚುಕ್ಕೆ ಹೋಗಲಿಲ್ಲ. ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಟೇಪು ಪೂರ್ತಿ ಒಂದೇ ಕಡೆ ಸುತ್ತಿರಲಿಲ್ಲ, ಎರಡೂ ಚಕ್ರಗಳಲ್ಲಿ ಹಂಚಿಕೊಂಡಿತ್ತು. ಯಾರೋ ನಡುವೆ ನಿಲ್ಲಿಸಿ ಇಟ್ಟಿದ್ದಾರೆ ಎಂಬುದನ್ನು ಗಮನಿಸಿದೆ. ಯಾರು, ಯಾಕೆ ಎಂದು ಯೋಚಿಸಲಿಲ್ಲ. ಅಮ್ಮ ಅಲ್ಲೇ ಅಡುಗೆಮನೆಯಲ್ಲಿದ್ದಳು.

ಬೆಂಗಳೂರಿಗೆ ಬಂದ ಮರುದಿನವೇ ಯಂತ್ರಕ್ಕೆ ಹಾಕಿ ಪ್ಲೇ ಒತ್ತಿದೆ. ಟಿವಿಯಲ್ಲಿ ಒಂದೆರಡು ಸೆಕೆಂಡು ಚಿತ್ರ ಬಂತು, ಮೇಲಿಂದ ಕೆಳಕ್ಕೆ ಗೆರೆಗಳು ಓಡುತ್ತಿದ್ದವು. ಕಂಬಕ್ಕೆ ಒರಗಿ ಕೂತ ಯಾರದೋ ಬಿಳಿಕೂದಲ ತಲೆ ಇದ್ದಂತಿತ್ತು. ನನ್ನ ಕಣ್ಣು ಯಂತ್ರದ ಅಂಕಿಗಳ ಮೇಲಿತ್ತು, ಪರದೆಯ ಕಡೆ ಸರಿಯಾಗಿ ನೋಡಲಿಲ್ಲ. ಆಮೇಲೆ ಒಳಗಿನಿಂದ ಕೀರಲು ಸದ್ದು ಹೊರಟಿತು, ಚಿತ್ರ ಹೋಗಿ ಪರದೆ ನೀಲಿಯಾಯಿತು. ಸ್ಟಾಪ್ ಒತ್ತಿದೆ. ಎಜೆಕ್ಟ್ ಒತ್ತಿದೆ. ಕ್ಯಾಸೆಟ್ ಅರ್ಧ ಹೊರಗೆ ಬಂದು ನಿಂತಿತು. ಅದರ ಬಾಯಿಂದ ಹೊರಟ ಟೇಪು ಯಂತ್ರದ ಒಳಕ್ಕೆ ಹೋಗಿ ಎಲ್ಲೋ ಸಿಕ್ಕಿಕೊಂಡಿತ್ತು.

ಆಗಲಾದರೂ ಪ್ಲಗ್ ಕಿತ್ತು, ಮೇಲಿನ ಮುಚ್ಚಳ ಬಿಚ್ಚಿ, ಟೇಪು ಎಲ್ಲಿ ಹಿಡಿದಿದೆ ಎಂದು ನೋಡಿ, ಒಂದೊಂದೇ ಸುತ್ತು ಬಿಡಿಸಬೇಕಿತ್ತು. ಗೊತ್ತಿಲ್ಲದಿದ್ದರೆ ಕ್ಯಾಸೆಟ್ ಒಳಗಿದ್ದಂತೆಯೇ ಯಂತ್ರವನ್ನು ಬಲ್ಲವರ ಹತ್ತಿರ ಹೊತ್ತುಕೊಂಡು ಹೋಗಬೇಕಿತ್ತು. ನಾನು ಕ್ಯಾಸೆಟ್ ಹಿಡಿದು ಎಳೆದೆ. ಬರಲಿಲ್ಲ. ಇನ್ನಷ್ಟು ಜೋರಾಗಿ ಎಳೆದೆ. ಮೊಳಗಟ್ಟಲೆ ಟೇಪು ಸುಕ್ಕುಗಟ್ಟಿ ಹೊರಗೆ ಬಂತು, ಕೊನೆಗೆ ತುಂಡಾಯಿತು. ಸುಕ್ಕನ್ನು ಬೆರಳಲ್ಲಿ ನೀವಿ ಸರಿಮಾಡಿದೆ, ಬೆರಳಿಗೆ ಕಂದು ಪುಡಿ ಅಂಟಿತು. ತುಂಡಾದ ಎರಡು ತುದಿಗಳನ್ನು ಮನೆಯಲ್ಲಿದ್ದ ಸೆಲ್ಲೋಟೇಪಿನಿಂದ ಜೋಡಿಸಿ, ಪೆನ್ಸಿಲಿನಲ್ಲಿ ಚಕ್ರ ತಿರುಗಿಸಿ ಒಳಕ್ಕೆ ಸುತ್ತಿದೆ. ಆಮೇಲೆ ಯಂತ್ರದ ಹೆಡ್ ಕ್ಲೀನ್ ಮಾಡೋಣವೆಂದು ಹತ್ತಿಗೆ ಸ್ಪಿರಿಟ್ ಹಚ್ಚಿ ಮೇಲೆ ಕೆಳಗೆ ಉಜ್ಜಿದೆ. ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿಕೊಂಡು ಅದೂ ಕೆಟ್ಟಿತು. ಯಂತ್ರ ಅಲ್ಲಿಗೆ ನಿಂತದ್ದರಿಂದಲೇ ಮಿಕ್ಸಿಂಗ್ ಕ್ಯಾಸೆಟ್ ನನ್ನ ಕೈಗೆ ಸಿಗದೆ ಉಳಿಯಿತು.

ಅಂದು ರಾತ್ರಿ ನನಗೆ ದುಃಖವೇನೂ ಆಗಲಿಲ್ಲ. ಯಂತ್ರಕ್ಕೆ ಕೊಟ್ಟ ದುಡ್ಡು ಹೋಯಿತು ಎಂಬ ಬೇಸರ ಮಾತ್ರ. ಎರಡನೇ ನಂಬರನ್ನು ಒಂದು ಕೈಚೀಲಕ್ಕೆ ಹಾಕಿ ಸಜ್ಜದ ಮೇಲೆ ಎಸೆದೆ.

ಕೆಲವು ದಿನ ಬಿಟ್ಟು ಅಮ್ಮ ಫೋನಿನಲ್ಲಿ ವಿಚಾರಿಸಿದಳು. ಅಷ್ಟು ಹೊತ್ತಿಗೆ ಅಂಗಡಿಯೊಂದರಲ್ಲಿ ಮಿಕ್ಸಿಂಗ್ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಸಿಯಾಗಿತ್ತು, ಹಾಗಾಗಿ ಉತ್ಸಾಹದಿಂದಲೇ ಹೇಳಿದೆ. ಮದುವೆ ಪೂರ್ತಿ ಬಂದಿದೆ, ಚೆನ್ನಾಗಿ ಬಂದಿದೆ, ಆ ಇನ್ನೊಂದು ಮಾತ್ರ ಹಳತಾಗಿ ಕೆಟ್ಟುಹೋಗಿತ್ತು, ಅದರಿಂದ ನಷ್ಟವೇನಿಲ್ಲ ಎಂದೆ. ‘ಕೆಟ್ಟುಹೋಗಿತ್ತು’ ಎಂದೆನೇ ಹೊರತು ‘ಕೆಡಿಸಿದೆ’ ಎನ್ನಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು:

‘ಅದ್ರಲ್ಲಿ ಇರೋದು ಸಿನಿಮಾ ಹಾಡು ಕಣೋ. ಅಜ್ಜಿ ಹಾಡು ಹೇಳಿದ್ದು ಆ ಇನ್ನೊಂದ್ರಲ್ಲಿ.’

ಆ ಕಾಲದ ಮದುವೆ ವಿಡಿಯೋಗಳನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶದಲ್ಲಿ ಬಣ್ಣದ ಟಿವಿ ಬಂತು, ಹಿಂದೆಯೇ ವಿಸಿಆರ್, ವಿಸಿಪಿ ಬಂದವು. ತೊಂಬತ್ತರ ದಶಕದಲ್ಲಿ ಮಲೆನಾಡಿನ ಮೂಲೆಯ ಮದುವೆಗೂ ವಿಡಿಯೋದವರು ಬರುತ್ತಿದ್ದರು. ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಹೊತ್ತವನೊಬ್ಬ, ಸನ್‌ಗನ್ ಲೈಟು ಎತ್ತಿ ಹಿಡಿದ ಹುಡುಗನೊಬ್ಬ, ಇಬ್ಬರ ಹಿಂದೆ ಚಪ್ಪರದ ತುಂಬ ಹರಿದಾಡುವ ವಯರು. ಶೂಟ್ ಮಾಡಿದ್ದನ್ನು ಸ್ಟುಡಿಯೋಗೆ ಒಯ್ದು ಮಿಕ್ಸಿಂಗ್ ಮಾಡುವುದು ಆಮೇಲಿನ ಕೆಲಸ. ಹೃದಯದ ಆಕಾರದೊಳಗೆ ಮದುಮಕ್ಕಳು, ಹೂವಿನೊಳಗಿಂದ ಅರಳುವ ತಾಳಿಕಟ್ಟು, ತಿರುಗುತ್ತಾ ಬರುವ ಹೆಸರುಗಳು. ಮದುವೆಮನೆಯ ಸದ್ದನ್ನು ತೆಗೆದು ಮೊದಲಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬಿಸುತ್ತಿದ್ದರು. ಹಾಗೆ ಮಾಡಿದರೇ ಕ್ಯಾಸೆಟ್ಟಿಗೆ ಕಳೆ ಎಂದು ಎಲ್ಲರೂ ನಂಬಿದ್ದ ಕಾಲ. ನಮ್ಮ ಮಿಕ್ಸಿಂಗ್ ಕ್ಯಾಸೆಟ್ಟಿನಲ್ಲೂ ಭಟ್ಟರ ತುಟಿ ಆಡುತ್ತದೆ, ಮಂತ್ರ ಕೇಳುವುದಿಲ್ಲ. ಹೆಂಗಸರು ಸಾಲಾಗಿ ಕೂತು ಹಾಡು ಹೇಳುತ್ತಾರೆ, ಕೇಳಿಸುವುದು ಬೇರೆ ಹಾಡು.

ನಮ್ಮ ಕಡೆ ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡಿದೆ. ಎಣ್ಣೆ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಆರತಿಗೆ ಒಂದು, ಬೀಗರನ್ನು ರೇಗಿಸಲು ಒಂದು. ನಮ್ಮಜ್ಜಿ, ಅಂದರೆ ಅಮ್ಮನ ಅಮ್ಮ, ಆ ಹಾಡುಗಳಿಗೆ ಹೆಸರಾದವಳು. ಅಕ್ಕನನ್ನು ಹಸೆಗೆ ಕರೆಯುವಾಗ ಮುಂದೆ ನಿಂತು ಹೇಳಿಕೊಡಲು ಅವಳಿಗೆ ಕಾಲಿನ ತ್ರಾಣವಿರಲಿಲ್ಲ, ಕಂಬಕ್ಕೆ ಒರಗಿ ಕೂತೇ ಹೇಳಿದಳು. ಅದಾದ ಮೂರು ವರ್ಷಕ್ಕೆ ತೀರಿಕೊಂಡಳು. ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ. ಮನೆಯ ವಿಸಿಪಿ ಕೆಡುವವರೆಗೂ ಅಮ್ಮ ಆಗಾಗ ಮಧ್ಯಾಹ್ನ ಎಲ್ಲರೂ ಮಲಗಿದಾಗ ಆ ಕ್ಯಾಸೆಟ್ ಹಾಕುತ್ತಿದ್ದಳಂತೆ. ಬೇರೇನೂ ನೋಡುತ್ತಿರಲಿಲ್ಲ, ಆ ಹಾಡಷ್ಟೇ. ಕೇಳಿ ಮುಗಿದ ಮೇಲೆ ಮತ್ತೆ ಹಾಡು ಶುರುವಾಗುವಲ್ಲಿಗೆ ರಿವೈಂಡ್ ಮಾಡಿ ತೆಗೆದಿಡುತ್ತಿದ್ದಳು, ಮುಂದಿನ ಸಲ ಹಾಕಿದ ಕೂಡಲೇ ಅದು ಬರಲಿ ಎಂದು. ಟೇಪು ನಡುವೆ ನಿಂತದ್ದು ಅದಕ್ಕೆ. ಎರಡು ಚಕ್ರಗಳ ನಡುವೆ ಹೊರಗೆ ತೆರೆದುಕೊಂಡು, ಅಷ್ಟು ಮಳೆಗಾಲಗಳ ತೇವವನ್ನು ಎಲ್ಲಕ್ಕಿಂತ ಹೆಚ್ಚು ಉಂಡ ಜಾಗವೂ ಅದೇ. ನಾನು ಎಳೆದು ತುಂಡು ಮಾಡಿದ್ದೂ ಅಲ್ಲೇ.

ಇದನ್ನೆಲ್ಲ ಅಮ್ಮ ದೂರಿನ ದನಿಯಲ್ಲಿ ಹೇಳಲಿಲ್ಲ. ಬೈದಿದ್ದರೆ ನನಗೂ ಏನಾದರೂ ಸಮಜಾಯಿಷಿ ಹೇಳಲು ಆಗುತ್ತಿತ್ತು. ‘ನಿಂಗೆ ಗೊತ್ತಿತ್ತು ಅಂದ್ಕೊಂಡಿದ್ದೆ’ ಎಂದಷ್ಟೇ ಹೇಳಿ ಫೋನಿಟ್ಟಳು. ನನಗೆ ಗೊತ್ತಿರಬೇಕಿತ್ತು. ಅಜ್ಜಿ ಹಾಡುವಾಗ ನಾನು ಆ ಚಪ್ಪರದಲ್ಲೇ ಇದ್ದೆ. ವಿಡಿಯೋದವನ ಹಿಂದೆ ವಯರು ಹಿಡಿದುಕೊಂಡು ಓಡಾಡಿದ್ದೆ. ಅಮ್ಮ ಮಧ್ಯಾಹ್ನ ಒಬ್ಬಳೇ ಟಿವಿ ಮುಂದೆ ಕೂರುವುದನ್ನೂ ರಜೆಗೆ ಹೋದಾಗ ಕಂಡಿದ್ದೆ. ಏನು ನೋಡುತ್ತಿದ್ದೀ ಎಂದು ಕೇಳಲಿಲ್ಲ. ಮರುದಿನ ನಾನೇ ಫೋನ್ ಮಾಡಿ ನಿಜ ಹೇಳಿದೆ. ತಾನಾಗಿ ಕೆಟ್ಟದ್ದಲ್ಲ, ನಾನು ಎಳೆದೆ, ತುಂಡು ಮಾಡಿದೆ ಎಂದೆ. ಅಷ್ಟು ವಯಸ್ಸಾದ ಮೇಲೆ ತಾಯಿಯೆದುರು ಅಂಥ ಮಾತು ಹೇಳುವಾಗ ಗಂಟಲು ಕಟ್ಟುತ್ತದೆ. ಅವಳು ಕೇಳಿದ್ದು ಒಂದೇ: ‘ಇಟ್ಟಿದ್ದೀಯಲ್ಲ, ಬಿಸಾಡ್ಲಿಲ್ಲವಲ್ಲ?’

ಸಜ್ಜದ ಮೇಲಿನ ಚೀಲ ಇಳಿಸಿದೆ. ಈ ಸಲ ಯಂತ್ರ ಹುಡುಕಲಿಲ್ಲ, ಮನುಷ್ಯರನ್ನು ಹುಡುಕಿದೆ. ವಿಸಿಆರ್ ರಿಪೇರಿಯಲ್ಲೇ ತಲೆ ನರೆಸಿಕೊಂಡು ಈಗ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡಿಕೊಡುವ ಹಿರಿಯರೊಬ್ಬರು ಸಿಕ್ಕಿದರು. ಅವರು ಕ್ಯಾಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ‘ಏನೂ ಮಾಡದೆ ತಂದಿದ್ರೆ ಚೆನ್ನಾಗಿತ್ತು ಸರ್’ ಎಂದರು.

ಮೊದಲು ಅವರು ಅದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಣಗಲು ಇಟ್ಟರು. ತೇವ ಹೋದರೆ ಬೂಷ್ಟಿನ ಜೀವ ಅಡಗುತ್ತದೆ, ಒಣಗಿದ ಪುಡಿಯನ್ನು ತೆಗೆಯುವುದು ಸುಲಭ, ಹಸಿಯಿದ್ದಾಗ ಒರೆಸಿದರೆ ಅದು ಟೇಪಿಗೆ ಮೆತ್ತಿಕೊಳ್ಳುತ್ತದೆ ಎಂದು ವಿವರಿಸಿದರು. ಬಿಚ್ಚುವ ದಿನ ನನ್ನನ್ನೂ ಕರೆದರು. ಮಾಸ್ಕ್, ಗ್ಲೌಸ್ ಹಾಕಿಕೊಂಡು, ಬೇರೆ ಕ್ಯಾಸೆಟ್‌ಗಳಿಂದ ದೂರ, ಬಾಲ್ಕನಿಯಲ್ಲಿ ಕೂತರು. ಬೂಷ್ಟಿನ ಕಣ ಉಸಿರಿಗೂ ಒಳ್ಳೆಯದಲ್ಲ, ಪಕ್ಕದ ಟೇಪಿಗೂ ಒಳ್ಳೆಯದಲ್ಲ. ಅಂಥ ಒಂದು ಕ್ಯಾಸೆಟ್ಟನ್ನು ಓಡಿಸಿದ ಯಂತ್ರ ಆಮೇಲೆ ಹಾಕಿದ ಒಳ್ಳೆಯದಕ್ಕೂ ಅದನ್ನು ಹತ್ತಿಸುತ್ತದೆ. ಕ್ಯಾಸೆಟ್ಟನ್ನು ಬೋರಲು ಹಾಕಿ ಐದು ಸ್ಕ್ರೂ ಸಡಿಲಿಸಿ, ಮತ್ತೆ ಅಂಗಾತ ಮಾಡಿ ಮೇಲಿನ ಅರ್ಧವನ್ನು ನಿಧಾನ ಎತ್ತಿದರು. ಎರಡು ಚಕ್ರ, ಮೂಲೆಗಳಲ್ಲಿ ಸಣ್ಣ ಉರುಳೆಗಳು, ಒಂದೆರಡು ಸ್ಪ್ರಿಂಗು. ಸುರುಳಿಯ ಅಂಚಿನಲ್ಲಿ ಬೂಷ್ಟು ಬಿಳಿ ಬಳೆಯಾಗಿ ಕೂತಿತ್ತು. ಮೃದುವಾದ ಬ್ರಷ್ಷಿನಲ್ಲಿ ಅದನ್ನು ಹೊರಮುಖವಾಗಿ ಗುಡಿಸಿದರು. ಆಮೇಲೆ ಎರಡೂ ಚಕ್ರಗಳನ್ನು ಎತ್ತಿ, ಬೇರೊಂದು ಕ್ಯಾಸೆಟ್ಟಿನಿಂದ ಖಾಲಿ ಮಾಡಿಟ್ಟಿದ್ದ ಒಳ್ಳೆಯ ಚಿಪ್ಪಿನೊಳಗೆ ಕೂರಿಸಿದರು.

ನಾನು ಹಚ್ಚಿದ ಸೆಲ್ಲೋಟೇಪಿನ ಅಂಟು ಅಷ್ಟರಲ್ಲೇ ಪಕ್ಕದ ಸುತ್ತುಗಳಿಗೂ ಇಳಿದಿತ್ತು. ಅದು ಓಡಿದ್ದರೆ ಹೆಡ್ಡಿಗೆ ಮೆತ್ತಿಕೊಂಡು ಇನ್ನೂ ಉದ್ದ ಕಿತ್ತುಬರುತ್ತಿತ್ತು. ಟೇಪು ಎಂದರೆ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಕಣಗಳನ್ನು ಅಂಟಿನಲ್ಲಿ ಕಲಸಿ ಬಳಿದದ್ದು. ಅಗಲ ಅರ್ಧ ಇಂಚು. ದಪ್ಪ ಒಂದು ಮಿಲಿಮೀಟರನ್ನು ಐವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಚಿತ್ರ ಇರುವುದು ಆ ಬಳಿದ ಪದರದಲ್ಲಿ, ನನ್ನ ಬೆರಳಿಗೆ ಅಂಟಿದ ಕಂದು ಪುಡಿ ಅದೇ. ಕಣಗಳನ್ನು ಹಿಡಿದಿಟ್ಟ ಆ ಅಂಟು ಮಳೆಗಾಲದ ಹಪ್ಪಳದಂತೆ ಗಾಳಿಯ ನೀರನ್ನು ಹೀರಿ ಮೆತ್ತಗಾಗುತ್ತದೆ. ಹೆಡ್ಡುಗಳನ್ನು ಹೊತ್ತ ವಿಸಿಆರಿನ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತಾ ಟೇಪನ್ನು ಸವರುತ್ತದೆ. ಮೆತ್ತಗಾದ ಟೇಪು ಆ ಡ್ರಮ್ಮಿಗೆ ಅಂಟಿದರೆ ಮುಂದಕ್ಕೆ ಸರಿಯುವುದಿಲ್ಲ. ನಾನು ಕೇಳಿದ ಕೀರಲು ಸದ್ದು ಅದರದೇ.

ನಮ್ಮಲ್ಲಿ ಬಳಸುತ್ತಿದ್ದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ವಿಎಚ್‌ಎಸ್ ಟೇಪು ಸೆಕೆಂಡಿಗೆ 2.34 ಸೆಂಟಿಮೀಟರ್ ಸರಿಯುತ್ತದೆ. ಅಂದರೆ ಒಂದು ಮೊಳ ಟೇಪಿನಲ್ಲಿ ಇಪ್ಪತ್ತು ಸೆಕೆಂಡಿಗೆ ತುಸು ಕಡಿಮೆ ಕಾಲ ಇರುತ್ತದೆ. ತೀರಾ ಜಜ್ಜಿಹೋದ ಮೂರು ಮೊಳವನ್ನು ಅವರು ಕತ್ತರಿಸಿ ತೆಗೆಯಬೇಕಾಯಿತು, ಹೆಚ್ಚುಕಡಿಮೆ ಒಂದು ನಿಮಿಷ. ಉಳಿದ ತುದಿಗಳನ್ನು ಇದಕ್ಕೆಂದೇ ಇರುವ ಸ್ಪ್ಲೈಸಿಂಗ್ ಟೇಪಿನಿಂದ, ಹೆಡ್ಡು ತಾಗದ ಬೆನ್ನಿನ ಕಡೆಯಿಂದ ಜೋಡಿಸಿದರು. ಅದರ ಮುಂದಿನ ಭಾಗ ಹರಿದಿರಲಿಲ್ಲ, ಆದರೆ ಮೇಲಿನ ಅಂಚು ನಿರಿಗೆಯಾಗಿತ್ತು. ಚಿತ್ರ ಟೇಪಿನ ನಡುವಿನ ಅಗಲದಲ್ಲಿ ಓರೆ ಗೆರೆಗಳಾಗಿ ಕೂತಿರುತ್ತದೆ. ಧ್ವನಿ ಇರುವುದು ಮೇಲಂಚಿನಲ್ಲಿ, ಒಂದು ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ. ಹಾಗಾಗಿ ಕೈಯಲ್ಲಿ ಎಳೆದ ಟೇಪಿನಲ್ಲಿ ಮೊದಲು ಹೋಗುವುದು ದನಿ.

ಅವರು ಮಾಡಿಕೊಟ್ಟ ಫೈಲಿನಲ್ಲಿ ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಾಳೆ. ಪಕ್ಕದಲ್ಲಿ ದೊಡ್ಡಮ್ಮ, ಅವಳ ಹಿಂದೆ ಹೂ ಮುಡಿದ ಹೆಂಗಸರು. ಹಾಡಿನ ಶುರು ಇಲ್ಲ. ಚಿತ್ರ ಶುರುವಾದ ಮೇಲೂ ಸ್ವಲ್ಪ ಹೊತ್ತು ದನಿ ನೀರೊಳಗಿಂದ ಬಂದ ಹಾಗೆ ತೇಲಿ ಮುಳುಗುತ್ತದೆ, ಮಾತು ಹಿಡಿಯಲಾಗುವುದಿಲ್ಲ. ಎರಡನೇ ನುಡಿಯ ನಡುವಿನಿಂದ ಸ್ಪಷ್ಟ. ಅಜ್ಜಿ ಒಂದು ಸಾಲು ಹೇಳುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ, ನಡುವೆ ಅವಳು ಉಸಿರಿಗೆ ನಿಂತಾಗ ದೊಡ್ಡಮ್ಮ ಮುಂದುವರಿಸುತ್ತಾಳೆ. ವಿಡಿಯೋದವನು ‘ಲೈಟು ಈ ಕಡೆ’ ಎನ್ನುವುದು, ಅಡುಗೆಯವರ ಕಡೆಯಿಂದ ಕೊಳಗದ ಸದ್ದು, ಅಪ್ಪಯ್ಯ ಯಾರನ್ನೋ ಊಟಕ್ಕೆ ಒತ್ತಾಯ ಮಾಡುವುದು ಎಲ್ಲ ಕೇಳುತ್ತದೆ. ಅಪ್ಪಯ್ಯನೂ ಈಗಿಲ್ಲ. ಕಚ್ಚಾ ಸಾಮಾನು ಎಂದು ನಾನು ಬದಿಗಿಟ್ಟದ್ದರಲ್ಲೇ ನಮ್ಮ ಮನೆ ಇದ್ದಂತೆ ಇತ್ತು.

ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಕಲಿತದ್ದನ್ನು ಹೇಳುವುದು ನನ್ನ ಮೇಲಿನ ಸಾಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಚುಕ್ಕೆ ಕಂಡರೆ, ಮುಗ್ಗಲು ವಾಸನೆ ಬಂದರೆ ಅದನ್ನು ಯಾವ ಯಂತ್ರಕ್ಕೂ ಹಾಕಬೇಡಿ. ಕವರಿನ ಸಮೇತ ಬೇರೆ ಇಟ್ಟು, ಕೆಲಸ ಬಲ್ಲವರಿಗೆ ಕೊಡಿ. ಚುಕ್ಕೆಯಿಲ್ಲದೆ ಚೆನ್ನಾಗಿದ್ದರೂ ಮಳೆಗಾಲದ ಮನೆಯಿಂದ ತಂದದ್ದನ್ನು ಒಣ ಕೋಣೆಯಲ್ಲಿ ಒಂದೆರಡು ದಿನ ಬಿಡಿ. ಬೆನ್ನಿನ ಮೇಲಿರುವ ಸಣ್ಣ ಪ್ಲಾಸ್ಟಿಕ್ ತುಣುಕು ಇನ್ನೂ ಇದ್ದರೆ ಮುರಿದು ತೆಗೆಯಿರಿ, ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಯಂತ್ರದ ಪರೀಕ್ಷೆಗೆ ಹಳೆಯ ಸಿನಿಮಾ ಕ್ಯಾಸೆಟ್ ಹಾಕಿ, ಸ್ವಲ್ಪ ಓಡಿಸಿ ಹೊರತೆಗೆದು, ಅದರ ಅಂಚು ಮಡಿಚಿದೆಯೇ, ಮೇಲೆ ಗೀರು ಬಿದ್ದಿದೆಯೇ ಎಂದು ಬೆಳಕಿನಲ್ಲಿ ನೋಡಿ. ಹೆಡ್ ಕ್ಲೀನ್ ಮಾಡಲು ಹತ್ತಿ ಬೇಡ. ಎಳೆ ಬಿಡದ ಕಾಗದಕ್ಕೋ ಮೆತ್ತನೆಯ ಚರ್ಮದ ತುಂಡಿಗೋ ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಅದನ್ನು ಡ್ರಮ್ಮಿಗೆ ಆನಿಸಿ ಕದಲದಂತೆ ಹಿಡಿದು, ಡ್ರಮ್ಮನ್ನೇ ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ.

ಓಡಿಸುವಾಗಲೇ ರೆಕಾರ್ಡ್ ಮಾಡಿಕೊಳ್ಳಿ. ಮೊದಲು ಸುಮ್ಮನೆ ನೋಡಿ ಆಮೇಲೆ ಡಿಜಿಟಲ್ ಮಾಡೋಣ ಎನ್ನಬೇಡಿ, ಹಳೆಯ ಟೇಪಿಗೆ ಅದೇ ಕೊನೆಯ ಓಟವಾಗಬಹುದು. ಯಂತ್ರದಲ್ಲಿ ಎಸ್-ವಿಡಿಯೋ ಕಿಂಡಿ ಇದ್ದರೆ ಹಳದಿ ಪಿನ್ನಿಗಿಂತ ಅದು ಮೇಲು. ಚಿತ್ರ ನಡುಗದಂತೆ ಹಿಡಿಯುವ ಟೈಮ್ ಬೇಸ್ ಕರೆಕ್ಟರ್ ಇದ್ದರೆ ಇನ್ನೂ ಒಳ್ಳೆಯದು. ಮೊದಲ ಪ್ರತಿಯನ್ನು ಒತ್ತಿ ಕುಗ್ಗಿಸಬೇಡಿ. ಸ್ವಲ್ಪವೂ ಕುಗ್ಗಿಸದಿದ್ದರೆ ಗಂಟೆಗೆ ಸುಮಾರು 75 ಜಿಬಿ ಬೇಕು. ಎಫ್‌ಎಫ್‌ವಿ1ನಂಥ ಲಾಸ್‌ಲೆಸ್ ವಿಧಾನದಲ್ಲಿ ಏನೂ ಕಳೆಯದೆ ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಫೋನಿನಲ್ಲಿ ನೋಡಲು ಬೇಕಾದ ಚಿಕ್ಕ ಪ್ರತಿಯನ್ನು ಆಮೇಲೆ ಅದರಿಂದಲೇ ಮಾಡಬಹುದು. ಪ್ರತಿಗಳು ಒಂದಕ್ಕಿಂತ ಹೆಚ್ಚು ಇರಲಿ, ಒಂದು ಬೇರೆ ಊರಿನಲ್ಲಿರಲಿ. ಡಿಜಿಟಲ್ ಆಯಿತೆಂದು ಕ್ಯಾಸೆಟ್ ಬಿಸಾಡಬೇಡಿ. ಪೂರ್ತಿ ಒಂದೇ ಕಡೆಗೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ತೇವವಿಲ್ಲದಲ್ಲಿ ಇಡಿ.

ತಡ ಮಾಡಬಾರದು ಎಂಬುದೂ ನಿಜವೇ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು, 2025ರೊಳಗೆ ಡಿಜಿಟಲ್ ಆಗದ ಟೇಪುಗಳು ಬಹುತೇಕ ಕೈಬಿಟ್ಟುಹೋಗುತ್ತವೆ ಎಂದು. ಟೇಪು ಸವೆಯುತ್ತಿದೆ, ಯಂತ್ರಗಳು ಮುಗಿಯುತ್ತಿವೆ, ಎರಡನ್ನೂ ಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ನಾನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ಬೀರು ತೆಗೆದು ನೋಡಲಿಲ್ಲ, ತೆಗೆದ ಮೇಲೆ ಒಂದೆರಡು ದಿನ ಕಾಯಲಿಲ್ಲ. ಅಸಡ್ಡೆ, ಅವಸರ ಎರಡೂ ಬೇರೆ ಬೇರೆ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಎರಡರಲ್ಲೂ ಎದುರಿಗಿರುವ ವಸ್ತು ಏನೆಂದು ನೋಡುವ ವ್ಯವಧಾನ ನನಗಿರಲಿಲ್ಲ.

ಆ ದಿನಗಳಲ್ಲಿ ನಾನು ಎಷ್ಟು ಜನರನ್ನು ಏನೇನು ಕೇಳಿದ್ದೆ! ಯಾವ ಕೇಬಲ್, ಯಾವ ಡಿವೈಸ್, ಎಷ್ಟು ರೇಟು, ಯಾವ ಸಾಫ್ಟ್‌ವೇರ್. ಅಡುಗೆಮನೆಗೆ ಹೋಗಿ ‘ಅಮ್ಮಾ, ಇದರಲ್ಲಿ ಏನಿದೆ?’ ಎಂದು ಕೇಳಿದ್ದರೆ ಸಾಕಿತ್ತು. ಬಣ್ಣದ ಡಬ್ಬಿ ನೋಡಿ ಒಂದಕ್ಕೆ ಬೆಲೆ ಕಟ್ಟಿದೆ, ರಟ್ಟಿನ ಕವರು ನೋಡಿ ಇನ್ನೊಂದನ್ನು ತಳ್ಳಿಹಾಕಿದೆ. ಕ್ಯಾಸೆಟ್ಟಿನ ಬೆಲೆ ಗೊತ್ತಿದ್ದದ್ದು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದವಳಿಗೆ.

ಫೈಲನ್ನು ಅಮ್ಮನಿಗೆ ತೋರಿಸಿದಾಗ ಅವಳು ಪೂರ್ತಿ ಕೇಳಿದಳು. ಹೋದ ಭಾಗದ ಸಾಲುಗಳು ಅವಳಿಗೆ ಬಾಯಿಗೆ ಬರುತ್ತವೆ, ಅವನ್ನು ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಅಕ್ಕನ ಮಗಳು ಅದನ್ನು ಕಲಿಯುತ್ತಿದ್ದಾಳೆ. ಅಜ್ಜಿಯ ದನಿಯಲ್ಲಿ ಆ ನಿಮಿಷ ಇನ್ನು ಬರುವುದಿಲ್ಲ, ಅದನ್ನು ಯಾವ ಮಾತಿನಿಂದಲೂ ಸರಿದೂಗಿಸಲು ಹೋಗುವುದಿಲ್ಲ. ಮನೆಯಲ್ಲಿ ಇನ್ನೂ ಕೆಲವು ಕ್ಯಾಸೆಟ್‌ಗಳಿವೆ, ತಮ್ಮನ ಉಪನಯನದ್ದು, ಊರ ದೇವರ ತೇರಿನದು, ಗುರುತೇ ಇಲ್ಲದವೂ ಇವೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದರಲ್ಲಿ ಏನಿದೆ, ಯಾರಿದ್ದಾರೆ, ಯಾವುದು ಮೊದಲು ಉಳಿಯಬೇಕು ಎಂದು ಕೇಳಿ ಬರೆದುಕೊಳ್ಳುತ್ತಿದ್ದೇನೆ. ಪಟ್ಟಿ ಮುಗಿಯುವವರೆಗೆ ಯಾವುದನ್ನೂ ಕವರಿನಿಂದ ತೆಗೆಯುವುದಿಲ್ಲ.